ಮೇಗರವಳ್ಳಿಯ ಲಾರಾ: ಕ್ಲಚ್ ಪ್ಲೇಟ್ ಒಂದೇ ಸಾಕೇ, ಫ್ಲೈವೀಲ್ ಕೂಡ ಬೇಕೇ?

ಗಾಡಿ 2008ರ ಸ್ಕೋಡಾ ಲಾರಾ, 1.9 ಟಿಡಿಐ ಡೀಸೆಲ್, ಐದು ಗೇರಿನ ಮ್ಯಾನುಯಲ್. ಓಡಿದ್ದು 1,62,000 ಕಿಲೋಮೀಟರ್. ಮಾಲೀಕರು ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿ ಕಡೆಯ ಅಡಿಕೆ ಬೆಳೆಗಾರರು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಎಲ್ಲರೂ ಅವರನ್ನು ಗೌಡರು ಎಂದೇ ಕರೆಯುತ್ತಾರೆ. ಅವರ ದೂರು ಎರಡು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ, ಜೊತೆಗೆ ಸುಟ್ಟ ವಾಸನೆ. ಎರಡನೆಯದು, ಇಂಜಿನ್ ನಿಲ್ಲಿಸುವ ಕ್ಷಣದಲ್ಲಿ ಡಬ್ಬದೊಳಗೆ ನಾಲ್ಕು ಬೋಲ್ಟ್ ಹಾಕಿ ಅಲುಗಾಡಿಸಿದಂಥ ಸದ್ದು.

ನನ್ನದು ಅದೇ ಕಾಂಪ್ಲೆಕ್ಸಿನಲ್ಲಿ ಬಿಡಿಭಾಗಗಳ ಅಂಗಡಿ. ಗೇರ್‌ಬಾಕ್ಸ್ ಇಳಿಸುವವನು ಮೇಸ್ತ್ರಿ, ಹಣ ಕೊಡುವವರು ಗೌಡರು, ಯಾವ ಪೆಟ್ಟಿಗೆ ತರಿಸಬೇಕೆಂದು ಹೇಳಿ ಆಮೇಲೆ ಇಬ್ಬರಿಂದಲೂ ಬೈಸಿಕೊಳ್ಳುವವನು ನಾನು. ಹಾಗಾಗಿ ಈ ಪ್ರಕರಣವನ್ನು ಅಂಗಡಿಯ ಕೌಂಟರಿನ ಕಡೆಯಿಂದ ಬರೆಯುತ್ತಿದ್ದೇನೆ. ಮೇಸ್ತ್ರಿ ಬರೆದರೆ ಕತೆ ಸ್ವಲ್ಪ ಬೇರೆಯಾಗುತ್ತದೆ. ಅವನ ವಾದವನ್ನೂ ಆದಷ್ಟು ಅವನದೇ ಮಾತಿನಲ್ಲಿ ಇಟ್ಟಿದ್ದೇನೆ, ಏಕೆಂದರೆ ಅದರಲ್ಲಿ ತೂಕವಿತ್ತು.

ಗೌಡರು ಅಂಗಡಿಗೆ ಬಂದಾಗಲೇ ಉತ್ತರವನ್ನೂ ತಂದಿದ್ದರು. "ಕ್ಲಚ್ ಪ್ಲೇಟ್ ಹೋಗಿದೆ, ಒಂದು ಸೆಟ್ ಕೊಡಿ, ಒಳ್ಳೆಯ ಕಂಪನಿಯದು ಇರಲಿ." ನಮ್ಮ ಕಡೆ ಜೀಪು, ಬೊಲೆರೊ, ಮಾರುತಿಗಳಲ್ಲಿ ಬೆಳೆದವರು ಹೀಗೆ ಕೇಳುವುದು ಸಹಜ. ಅವುಗಳಲ್ಲಿ ಫ್ಲೈವೀಲ್, ಅಂದರೆ ಇಂಜಿನ್ನಿನ ತುದಿಗೆ ಬಿಗಿದು ಕ್ಲಚ್ ಕೂರಿಸುವ ಭಾರದ ಚಕ್ರ, ಒಂದೇ ತುಂಡಿನ ಎರಕ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಬದಲಾಯಿಸಿ, ಫ್ಲೈವೀಲಿನ ಮುಖ ಗೀರಾಗಿದ್ದರೆ ಲೇತಿಗೆ ಕೊಟ್ಟು ಒಂದು ಪದರ ತೆಗೆಸಿದರೆ ಕೆಲಸ ಮುಗಿಯಿತು. ಲಾರಾದ ಈ ಡೀಸೆಲ್ಲಿನಲ್ಲಿ ಇರುವುದು ಆ ಚಕ್ರವಲ್ಲ. ಅದು ಡ್ಯುಯಲ್ ಮಾಸ್ ಫ್ಲೈವೀಲ್. ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಎಂಎಫ್. ಹೊರಗಿನಿಂದ ಒಂದು ಚಕ್ರ, ಒಳಗೆ ಎರಡು. ಒಂದು ಭಾಗ ಇಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕ್‌ಶಾಫ್ಟಿಗೆ ಬಿಗಿದಿರುತ್ತದೆ, ಇನ್ನೊಂದರ ಮೇಲೆ ಕ್ಲಚ್ ಕೂರುತ್ತದೆ. ನಡುವೆ ಗ್ರೀಸ್ ತುಂಬಿದ ಕಾಲುವೆಯಲ್ಲಿ ಬಿಲ್ಲಿನಂತೆ ಬಾಗಿದ ಉದ್ದನೆಯ ಸ್ಪ್ರಿಂಗ್‌ಗಳು. ಲುಕ್ ಕಂಪನಿ ಇಂಥದ್ದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿದ್ದು 1985ರಲ್ಲಿ. ಹೊಸ ವಿದ್ಯೆಯೇನೂ ಅಲ್ಲ, ನಮ್ಮ ಗ್ಯಾರೇಜುಗಳಿಗೆ ತಡವಾಗಿ ಬಂತು ಅಷ್ಟೆ.

ಇಳಿಸುವ ಮುನ್ನ

ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಇಳಿಸುವುದು ಅರ್ಧ ಗಂಟೆಯ ಕೆಲಸವಲ್ಲ. ಮುಂದಿನ ಎರಡೂ ಡ್ರೈವ್‌ಶಾಫ್ಟ್ ಬಿಚ್ಚಬೇಕು, ಸಬ್‌ಫ್ರೇಮ್ ಅಲುಗಿಸಬೇಕು, ಇಂಜಿನ್ನಿಗೆ ಮೇಲಿನಿಂದ ಆಸರೆ ಕೊಡಬೇಕು. ಇಳಿಸಿದ ಮೇಲೆ "ದೋಷ ಬೇರೆ ಕಡೆ ಇತ್ತು" ಎಂದರೆ ಕೂಲಿ ನೀರಿಗೆ ಹೋದ ಹಾಗೆ. ಆದ್ದರಿಂದ ಮೊದಲು ಗಾಡಿಯನ್ನು ಓಡಿಸಿಯೇ ನೋಡಿದೆವು.

ಜಾರುವಿಕೆ ಸ್ಪಷ್ಟವಾಗಿತ್ತು. ಸಾಗರ ರಸ್ತೆಯ ಸಮತಟ್ಟಾದ ಜಾಗದಲ್ಲಿ ನಾಲ್ಕನೇ ಗೇರಿನಲ್ಲಿ 50 ಕಿಲೋಮೀಟರ್ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ನಿಮಿಷಕ್ಕೆ 1900 ಸುತ್ತಿನ ಸುಮಾರಿಗೆ ಇಂಜಿನ್ ಸುತ್ತಿನ ಮುಳ್ಳು ಒಮ್ಮೆಲೇ ಮೇಲಕ್ಕೆ ಹಾರುತ್ತಿತ್ತು, ವೇಗ ಹಿಂದೆಯೇ ಉಳಿಯುತ್ತಿತ್ತು. ಈ ಇಂಜಿನ್ ತನ್ನ ಪೂರ್ತಿ ಎಳೆತ, ಅಂದರೆ 250 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು ಅದೇ 1900 ಸುತ್ತಿನಲ್ಲಿ. ಸವೆದ ಪ್ಲೇಟ್ ಮೊದಲು ಕೈಬಿಡುವುದೂ ಅಲ್ಲಿಯೇ. ಖಾಲಿ ಗಾಡಿಯಲ್ಲಿ, ನಿಧಾನವಾಗಿ ರೇಸ್ ಕೊಟ್ಟು ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ನಿಲ್ಲಿಸುವಾಗಿನ ಸದ್ದಿನ ಬಗ್ಗೆ ನನಗೆ ಅನುಮಾನವಿತ್ತು. ಸದ್ದು ಕೇಳಿದ ತಕ್ಷಣ ಫ್ಲೈವೀಲಿನ ಮೇಲೆ ಅಪವಾದ ಹೊರಿಸುವುದು ಈಗ ಎಲ್ಲ ಕಡೆ ರೂಢಿಯಾಗಿದೆ. ಈ ಇಂಜಿನ್ನಿನಲ್ಲಿ ಗಾಳಿ ಒಳಹೋಗುವ ದಾರಿಯಲ್ಲಿ ಒಂದು ಪುಟ್ಟ ಫ್ಲಾಪ್ ಇದೆ. ಕೀಲಿ ತಿರುಗಿಸಿದ ಕೂಡಲೇ ಅದು ಮುಚ್ಚಿಕೊಂಡು ಗಾಳಿ ತಡೆಯುತ್ತದೆ, ಇಂಜಿನ್ ಮೆತ್ತಗೆ ನಿಲ್ಲುತ್ತದೆ. ಮಸಿ ಕಟ್ಟಿ ಅದು ಹಿಡಿದುಕೊಂಡರೆ ಇಂಜಿನ್ ಕುಲುಕಿ ಕುಲುಕಿ ನಿಲ್ಲುತ್ತದೆ, ಒಳ್ಳೆಯ ಫ್ಲೈವೀಲ್ ಕೂಡ ಸದ್ದು ಮಾಡುತ್ತದೆ. ಮೇಸ್ತ್ರಿ ಪೈಪು ಬಿಚ್ಚಿ ತೋರಿಸಿದ. ಫ್ಲಾಪ್ ಮಸಿಯಿಂದ ಕಪ್ಪಾಗಿತ್ತು, ಆದರೆ ಮುಚ್ಚುತ್ತಿತ್ತು. ಇಂಜಿನ್ ಮೌಂಟ್‌ಗಳು ಹರಿದಿರಲಿಲ್ಲ. ಸ್ಕ್ಯಾನರ್ ಹಾಕಿ ನಾಲ್ಕೂ ಸಿಲಿಂಡರಿನ ಇಂಧನ ಹೊಂದಾಣಿಕೆ ನೋಡಿದೆವು. ಅದಕ್ಕೆ ಮಿತಿ ಪ್ರತಿ ಸ್ಟ್ರೋಕಿಗೆ 2.8 ಮಿಲಿಗ್ರಾಂ ಹೆಚ್ಚು ಅಥವಾ ಕಡಿಮೆ. ನಾಲ್ಕೂ ಅದರೊಳಗೇ ಇದ್ದವು. ಇಂಜೆಕ್ಟರ್ ಒಂದು ಸರಿಯಾಗಿ ಡೀಸೆಲ್ ಸಿಂಪಡಿಸದೆ ಇದ್ದರೆ ಎಷ್ಟು ಹೊಸ ಫ್ಲೈವೀಲ್ ಹಾಕಿದರೂ ಅದರ ಸ್ಪ್ರಿಂಗ್‌ಗಳು ಹೊಡೆತ ತಿನ್ನುತ್ತಲೇ ಇರುತ್ತವೆ. ಆ ಪರೀಕ್ಷೆ ಮಾಡದೆ ಫ್ಲೈವೀಲ್ ಮಾರುವ ಅಂಗಡಿಯವನ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ.

ಸಿಕ್ಕ ಒಂದೇ ಒಂದು ಬೇರೆ ದೋಷವೆಂದರೆ ಬ್ಯಾಟರಿ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಕೊಟ್ಟಿಗೆಯ ಪಕ್ಕ ನಿಂತಿರುತ್ತಿತ್ತಂತೆ. ಸ್ಟಾರ್ಟರ್ ನಿದ್ದೆಗಣ್ಣಿನಲ್ಲಿ ತಿರುಗುತ್ತಿತ್ತು. ಇದು ಫ್ಲೈವೀಲಿಗೆ ಸಂಬಂಧಿಸಿದ ವಿಷಯವೇ, ಮುಂದೆ ಹೇಳುತ್ತೇನೆ.

ಬೆಂಚಿನ ಮೇಲೆ

ಗೇರ್‌ಬಾಕ್ಸ್ ಇಳಿಯಿತು. ಕ್ಲಚ್ ಪ್ಲೇಟಿನ ಲೈನಿಂಗ್ ರಿವೆಟ್ ತಲೆಗಳ ಮಟ್ಟಕ್ಕೆ ಬಂದಿತ್ತು. ಅಲ್ಲಿಗೆ ಮೊದಲ ದೂರು ತೀರಿತು. ಪ್ಲೇಟು ಒಣಗಿತ್ತು, ಎಣ್ಣೆಯ ಗುರುತಿಲ್ಲ. ಕ್ರ್ಯಾಂಕಿನ ಹಿಂಭಾಗದ ಸೀಲ್, ಗೇರ್‌ಬಾಕ್ಸ್ ಕಡೆಯ ಸೀಲ್ ಎರಡೂ ಸೋರುತ್ತಿರಲಿಲ್ಲ.

ಇನ್ನು ಫ್ಲೈವೀಲ್. ಪ್ಲೇಟು ಉಜ್ಜುವ ಮುಖದಲ್ಲಿ ನೀಲಿಗಟ್ಟಿದ ಮಚ್ಚೆಗಳು, ಸಣ್ಣ ಸಣ್ಣ ಕೂದಲೆಳೆಯ ಬಿರುಕುಗಳು. ಅರ್ಧ ಕ್ಲಚ್ಚಿನ ಬಿಸಿಯ ಸಹಿ ಅದು. ಮೇಸ್ತ್ರಿ ಎರಡೂ ಕೈಯಲ್ಲಿ ಹೊರಭಾಗ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ, "ನೋಡಿ, ಆಟ ಬಂದಿದೆ, ಹೋಗಿದೆ" ಎಂದ. ನಾನು ಒಪ್ಪಲಿಲ್ಲ. ಇದೊಂದು ದೊಡ್ಡ ತಪ್ಪು ತಿಳಿವಳಿಕೆ. ಹೊಸ ಡಿಎಂಎಫ್ ಕೂಡ ಕೈಯಲ್ಲಿ ಸ್ವಲ್ಪ ತಿರುಗುತ್ತದೆ, ಸ್ವಲ್ಪ ಓಲಾಡುತ್ತದೆ. ಅದು ಹಾಗೆಯೇ ಇರಬೇಕು. ಎಷ್ಟು ತಿರುಗಿದರೆ ಸರಿ ಎಂಬುದು ಆಯಾ ಪಾರ್ಟ್ ನಂಬರಿಗೆ ಬೇರೆ ಬೇರೆ. ತಯಾರಕರ ಪಟ್ಟಿಯಲ್ಲಿ ಸ್ಟಾರ್ಟರ್ ರಿಂಗಿನ ಇಷ್ಟು ಹಲ್ಲು ಎಂದೋ ಇಷ್ಟು ಡಿಗ್ರಿ ಎಂದೋ ಕೊಟ್ಟಿರುತ್ತಾರೆ. ಓಲಾಟವನ್ನು ಡಯಲ್ ಗೇಜ್ ಇಟ್ಟು ಅಳೆಯಬೇಕು. ಕೈ ಅಂದಾಜಿನಲ್ಲಿ ಎಷ್ಟೋ ಒಳ್ಳೆಯ ಫ್ಲೈವೀಲ್‌ಗಳು ಗುಜರಿಗೆ ಹೋಗಿವೆ, ಎಷ್ಟೋ ಸತ್ತವು ಗಾಡಿಯೊಳಗೇ ಉಳಿದಿವೆ.

ಸ್ಪ್ರಿಂಗ್ ತಾಗುವವರೆಗೆ ಎಡಕ್ಕೆ ತಿರುಗಿಸಿ ಹಲ್ಲಿನ ಮೇಲೆ ಚಾಕ್‌ನಿಂದ ಗುರುತು ಹಾಕಿದೆವು, ಬಲಕ್ಕೆ ತಿರುಗಿಸಿ ಮತ್ತೊಂದು. ನಡುವಿನ ಹಲ್ಲುಗಳನ್ನು ಎಣಿಸಿ ಪಟ್ಟಿಗೆ ಹೋಲಿಸಿದರೆ ಮಿತಿ ದಾಟಿತ್ತು. ಓಲಾಟ ಮಾತ್ರ ಮಿತಿಯೊಳಗೇ ಇತ್ತು. ಇಷ್ಟೇ ಆಗಿದ್ದರೆ ಇನ್ನೊಮ್ಮೆ ಅಳೆಯೋಣ ಎನ್ನುತ್ತಿದ್ದೆ. ಆದರೆ ಹಿಂಬದಿಗೆ ತಿರುಗಿಸಿದಾಗ ಅಂಚಿನ ಸುತ್ತ ಕಪ್ಪು ಗ್ರೀಸ್ ಚಿಮ್ಮಿ ಒಣಗಿದ್ದು ಕಂಡಿತು. ಒಳಗಿನ ಗ್ರೀಸ್ ಹೊರಬಂದಿತ್ತು. ಸ್ಪ್ರಿಂಗ್‌ಗಳು ಒಣ ಕಾಲುವೆಯಲ್ಲಿ ಉಜ್ಜಿಕೊಂಡು ಓಡುತ್ತಿದ್ದವು. ಅಲ್ಲಿಗೆ ಚರ್ಚೆ ಮುಗಿಯಿತು, ಆ ಚಕ್ರ ಮತ್ತೆ ಗಾಡಿಗೆ ಹೋಗುವ ಹಾಗಿರಲಿಲ್ಲ. ಅದರ ಮುಖವನ್ನು ಲೇತಿನಲ್ಲಿ ತೆಗೆಸುವ ಪ್ರಶ್ನೆಯೂ ಇಲ್ಲ, ತಯಾರಕರು ಅದಕ್ಕೆ ಅನುಮತಿಸುವುದಿಲ್ಲ.

ಕ್ಲಚ್ ಪ್ಲೇಟ್ ಒಂದೇ ಸಾಕು ಎಂಬ ದಾರಿ ಹೀಗೆ ಮುಚ್ಚಿತು. ಉಳಿದದ್ದು ನಾಲ್ಕು ದಾರಿ.

ಲೇತಿನ ಅಂಗಡಿಯವರ ಸಲಹೆ

ಕೆಟ್ಟ ಸುದ್ದಿ ಆಟೋ ಕಾಂಪ್ಲೆಕ್ಸಿನಲ್ಲಿ ಬಹಳ ಹೊತ್ತು ಗುಟ್ಟಾಗಿರುವುದಿಲ್ಲ. ಪಕ್ಕದ ಲೇತಿನವರು ಬಂದು, "ಎರಡೂ ಭಾಗ ಸೇರಿಸಿ ವೆಲ್ಡ್ ಮಾಡಿಕೊಡುತ್ತೇನೆ, ಮೇಲೆ ಒಂದು ಫೇಸಿಂಗ್, ಮೂರು ಸಾವಿರದಲ್ಲಿ ಮುಗಿಯುತ್ತದೆ" ಎಂದರು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಜಿಲ್ಲೆ ಇದು, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಇವತ್ತಿಗೂ ವಾಹನದ ಬಿಡಿಭಾಗಗಳ ಎರಕ ನಡೆಯುತ್ತದೆ. ಲೋಹದ ಕೆಲಸದಲ್ಲಿ ನಮ್ಮವರ ಕೈ ಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಕೆಲಸ ಮಾಡಬಾರದ್ದು. ವೆಲ್ಡ್ ಮಾಡಿದ ಚಕ್ರದ ಸಮತೋಲ ಕೆಡುತ್ತದೆ, ಅದು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವ ವಸ್ತು, ಡ್ರೈವರಿನ ಕಾಲಿನಿಂದ ಬಹಳ ದೂರವೇನೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಥ ಫ್ಲೈವೀಲಿನ ಜೊತೆ ಬರುವ ಕ್ಲಚ್ ಪ್ಲೇಟಿನ ನಡುವೆ ಸಾಮಾನ್ಯವಾಗಿ ಸ್ಪ್ರಿಂಗ್‌ಗಳೇ ಇರುವುದಿಲ್ಲ. ಹೊಡೆತ ನುಂಗುವ ಕೆಲಸವನ್ನು ಚಕ್ರವೇ ಮಾಡುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಗಟ್ಟಿ ಪ್ಲೇಟಾಗಿ ಮಾಡಿರುತ್ತಾರೆ. ಚಕ್ರವನ್ನು ವೆಲ್ಡ್ ಮಾಡಿ ಅದೇ ಪ್ಲೇಟ್ ಹಾಕಿದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಮೆತ್ತನೆಯದೆಂಬುದು ಏನೂ ಉಳಿಯುವುದಿಲ್ಲ.

ಬೆಂಗಳೂರಿನಿಂದ ಬರುವ "ರೀಕಂಡಿಷನ್" ಚಕ್ರಗಳ ಬಗ್ಗೆಯೂ ಗೌಡರು ಕೇಳಿದರು. ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ಮತ್ತೆ ಮುಚ್ಚಿದ ಹಳೆಯ ಚಕ್ರ. ಒಳಗಿನ ಸ್ಪ್ರಿಂಗ್ ಎಷ್ಟು ಸವೆದಿದೆ ಎಂದು ಹೊರಗಿನಿಂದ ಹೇಳುವವರಿಲ್ಲ. ಅದನ್ನು ನಾನು ಮಾರುವುದಿಲ್ಲ ಎಂದಷ್ಟೇ ಹೇಳಿದೆ.

ಮೇಸ್ತ್ರಿಯ ವಾದ

ಮೇಸ್ತ್ರಿಗೆ ಬೇಕಾಗಿದ್ದದ್ದು ಸಾದಾ ಫ್ಲೈವೀಲಿನ ಬದಲಿ ಕಿಟ್. ಇದು ಗುಜರಿ ಸರಕಲ್ಲ. ವ್ಯಾಲಿಯೊದಂಥ ದೊಡ್ಡ ಕಂಪನಿಯೇ ಇಂಥ ಕಿಟ್ ತಯಾರಿಸುತ್ತದೆ. ಒಂದೇ ತುಂಡಿನ ಚಕ್ರ, ಅದಕ್ಕೆ ಹೊಂದುವಂತೆ ಹೆಚ್ಚು ಕೋನ ತಿರುಗಬಲ್ಲ ಸ್ಪ್ರಿಂಗ್‌ಗಳಿರುವ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್. ಆಗ ನಮಗೆ ಸಿಕ್ಕ ದರ ಸುಮಾರು 34 ಸಾವಿರ. ಹೊಸ ಡಿಎಂಎಫ್ ಮತ್ತು ಕ್ಲಚ್ ಸೆಟ್ ಸೇರಿ 55 ಸಾವಿರದ ಆಸುಪಾಸು. ಇಪ್ಪತ್ತು ಸಾವಿರದ ವ್ಯತ್ಯಾಸ ಸಣ್ಣದಲ್ಲ.

ಅವನು ಹೇಳಿದ್ದು ಇದು: "ಅಣ್ಣಾ, ಈ ಚಕ್ರ ಸತ್ತದ್ದು ಯಾತರಿಂದ? ಘಾಟಿಯ ಬಿಸಿಯಿಂದ. ಹದಿನಾಲ್ಕು ತಿರುವು, ಮುಂದೆ ಬಸ್ಸು, ತಿರುವಿನಲ್ಲಿ ನಿಂತು ಮತ್ತೆ ಎತ್ತಬೇಕು. ಗೌಡರ ಮನೆ ದಾರಿ ನೀವು ನೋಡಿಲ್ಲ. ಜಂಬಿಟ್ಟಿಗೆ ಕಲ್ಲಿನ ಏರು, ತುದಿಯಲ್ಲಿ ಹಿಂದಕ್ಕೆ ತಿರುಗಿಸಿ ಕೊಟ್ಟಿಗೆಗೆ ಏರಿಸಬೇಕು, ಅಷ್ಟೂ ಅರ್ಧ ಕ್ಲಚ್ಚಿನಲ್ಲಿ. ಹೊಸದು ಹಾಕಿದರೂ ಅದೇ ಘಾಟಿ, ಅದೇ ಏರು. ಸಾದಾ ಚಕ್ರ ಹಾಕಿದರೆ ಮುಂದಿನ ಸಲ ಬರೀ ಪ್ಲೇಟ್ ಬದಲಾಯಿಸಿ, ಮುಖ ಲೇತಿಗೆ ಹಾಕಿ ಕಳಿಸುತ್ತೇನೆ."

ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಕ್ಲಚ್ಚಿನ ಬಿಸಿ ಡಿಎಂಎಫ್‌ನ ಗ್ರೀಸನ್ನೂ ಒಳಗಿನ ಬೇರಿಂಗನ್ನೂ ಹಾಳುಮಾಡುತ್ತದೆ ಎಂಬುದು ನಿಜ. ಸಿಗಂದೂರಿಗೆ ಹೋಗುವವರು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಲಾಂಚ್ ಏರಲು ಸಾಲಿನಲ್ಲಿ ಇಂಚು ಇಂಚಾಗಿ ಮುಂದೆ ಸರಿದು, ಇಳಿಜಾರು ಹಲಗೆಯ ಮೇಲೆ ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಂತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಗೌಡರ ಕುಟುಂಬವೂ ಪ್ರತಿವರ್ಷ ಹೋಗಿದೆ. ಮಲೆನಾಡಿನಲ್ಲಿ ಕ್ಲಚ್ ಸವೆಯುವುದು ಬಯಲುಸೀಮೆಯ ಲೆಕ್ಕದಲ್ಲಿ ಅಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಗೌಡರನ್ನು. "ಮನೆಯ ಏರಿನಲ್ಲಿ ಯಾವ ಗೇರು?"

"ಎರಡನೆಯದು," ಎಂದರು. "ಒಂದಕ್ಕೆ ಹಾಕಿದರೆ ಇಂಜಿನ್ ಕೂಗುತ್ತದೆ, ಡೀಸೆಲ್ ಕುಡಿಯುತ್ತದೆ. ಈ ಗಾಡಿಗೆ ಪಿಕಪ್ ಇದೆ. ಎರಡರಲ್ಲಿ ಸಾವಿರ ಸುತ್ತಿನಲ್ಲೇ ಎಳೆದುಕೊಂಡು ಹೋಗುತ್ತದೆ."

ಆ ಉತ್ತರದ ಮೇಲೆಯೇ ನನ್ನ ಆಯ್ಕೆ ನಿಂತಿತು. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಾವಿರ ಸುತ್ತಿನಲ್ಲಿ ನಡೆಯುವುದು ಏನು?

ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಾಗ ಎರಡು ಸಲ ಉರಿ ಹೊತ್ತುತ್ತದೆ. 900 ಸುತ್ತಿನಲ್ಲಿ ಐಡಲ್ ಆಗುತ್ತಿದ್ದರೆ ಸೆಕೆಂಡಿಗೆ ಮೂವತ್ತು ಹೊಡೆತ. ಕ್ರ್ಯಾಂಕ್ ಒಂದೇ ವೇಗದಲ್ಲಿ ತಿರುಗುತ್ತದೆ ಎಂಬುದು ನಮ್ಮ ಭ್ರಮೆ. ಪ್ರತಿ ಹೊಡೆತಕ್ಕೆ ಅದು ಮುಂದಕ್ಕೆ ಜಿಗಿಯುತ್ತದೆ, ನಡುವೆ ಹಿಂದೆ ಬೀಳುತ್ತದೆ. ಡೀಸೆಲ್ಲಿನಲ್ಲಿ ಈ ಜಿಗಿತ ಪೆಟ್ರೋಲಿಗಿಂತ ಒರಟು. ಸುತ್ತು ಏರಿದಂತೆ ಹೊಡೆತಗಳು ಹತ್ತಿರ ಹತ್ತಿರ ಬಂದು, ಚಕ್ರದ ತೂಕವೇ ಅವನ್ನು ಸಮಮಾಡುತ್ತದೆ. ಸುತ್ತು ಕಡಿಮೆ, ಭಾರ ಹೆಚ್ಚು ಇದ್ದಾಗ ಜಿಗಿತ ಅತಿ ಹೆಚ್ಚು. ಗೌಡರು ನಾಲ್ಕು ಮೂಟೆ ಅಡಿಕೆ ಹಾಕಿಕೊಂಡು ಎರಡನೇ ಗೇರಿನಲ್ಲಿ ಏರು ಹತ್ತುವುದು ಸರಿಯಾಗಿ ಆ ಜಾಗದಲ್ಲಿ.

ಈ ಜಿಗಿತ ಗೇರ್‌ಬಾಕ್ಸಿಗೆ ಹೋದರೆ ಒಂದಕ್ಕೊಂದು ಹೆಣೆದ ಹಲ್ಲುಗಳು ಸೆಕೆಂಡಿಗೆ ಮೂವತ್ತು ಸಲ ತಟ್ಟಿಕೊಳ್ಳುತ್ತವೆ. ಕೆಲಸವಿಲ್ಲದೆ ತಿರುಗುವ ಗೇರ್‌ಗಳು ಗಲಗಲ ಎನ್ನುತ್ತವೆ. ಎಲ್ಲ ಗಾಡಿಗಳಲ್ಲೂ ಇದನ್ನು ನುಂಗಲು ಏನಾದರೊಂದು ಇರುತ್ತದೆ. ಸಾದಾ ಫ್ಲೈವೀಲಿನಲ್ಲಿ ಅದು ಕ್ಲಚ್ ಪ್ಲೇಟಿನ ನಡುವಿನ ಗಿಡ್ಡ ಸ್ಪ್ರಿಂಗ್‌ಗಳು. ಅವಕ್ಕೆ ಜಾಗ ಕಡಿಮೆ, ಆದ್ದರಿಂದ ಗಟ್ಟಿಯಾಗಿರಲೇಬೇಕು. ಅವುಗಳ ಅನುರಣನೆ, ಅಂದರೆ ಹೊಡೆತ ತಾಳ ಸೇರಿಕೊಂಡು ಹೆಚ್ಚಾಗುವ ವೇಗ, ನಾವು ಗಾಡಿ ಓಡಿಸುವ ಸುತ್ತುಗಳ ನಡುವೆಯೇ ಬರುತ್ತದೆ. ಡಿಎಂಎಫ್‌ನ ಉದ್ದನೆಯ ಸ್ಪ್ರಿಂಗ್‌ಗಳು ಮೆತ್ತಗೆ, ಎರಡೂ ಕಡೆ ತೂಕ ಹಂಚಿದೆ. ಹಾಗಾಗಿ ಆ ಅನುರಣನೆ ಐಡಲ್‌ಗಿಂತ ಕೆಳಕ್ಕೆ ಇಳಿದುಹೋಗುತ್ತದೆ. ಇಂಜಿನ್ ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಮಾತ್ರ ಆ ವೇಗವನ್ನು ದಾಟಬೇಕು. ಸವೆದ ಡಿಎಂಎಫ್ ನಿಲ್ಲಿಸುವ ಹೊತ್ತಿನಲ್ಲೇ ಸದ್ದು ಮಾಡುವುದು ಇದಕ್ಕಾಗಿ. ನಿದ್ದೆಗಣ್ಣಿನ ಬ್ಯಾಟರಿ ಅದನ್ನು ಕೊಲ್ಲುವುದೂ ಇದಕ್ಕಾಗಿಯೇ: ಸ್ಟಾರ್ಟರ್ ನಿಧಾನವಾಗಿ ತಿರುಗಿದಷ್ಟೂ ಇಂಜಿನ್ ಆ ಕೆಟ್ಟ ವೇಗದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ.

ಆದ್ದರಿಂದ ಗೌಡರ ಓಡಿಸುವ ರೀತಿಗೆ ಸಾದಾ ಚಕ್ರ ಹಾಕಿದರೆ, ಕ್ಲಚ್ಚಿನ ಚಿಂತೆ ಗೇರ್‌ಬಾಕ್ಸಿಗೆ ವರ್ಗವಾಗುತ್ತದೆ. ಈ ಗಾಡಿಯ ಗೇರ್‌ಬಾಕ್ಸಿನ ಬೇರಿಂಗ್ ಹೋದರೆ ಶಿವಮೊಗ್ಗದಲ್ಲಿ ಬಿಚ್ಚಿ ಕೂರಿಸುವವರು ಕಡಿಮೆ, ಭಾಗ ಸಿಗುವುದು ಇನ್ನೂ ಕಡಿಮೆ. ಫ್ಲೈವೀಲಾದರೆ ಪೆಟ್ಟಿಗೆಯಲ್ಲಿ ಬರುತ್ತದೆ.

ಗೌಡರ ಲೆಕ್ಕ

"ಗಾಡಿಗೆ ಇವತ್ತು ಎರಡು ಲಕ್ಷ ಬರುವುದಿಲ್ಲ. ಅದಕ್ಕೆ ಐವತ್ತೈದು ಸಾವಿರದ ಚಕ್ರ ಹಾಕಲು ನನಗೇನು ಹುಚ್ಚೇ?" ಎಂದರು ಗೌಡರು. ನ್ಯಾಯವಾದ ಪ್ರಶ್ನೆ.

ಆದರೆ ಅವರು 2023ರಲ್ಲಿ, ಹದಿನೈದು ವರ್ಷ ತುಂಬಿದಾಗ, ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿದ್ದರು. 2022ರ ಏಪ್ರಿಲ್‌ನಲ್ಲಿ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ಅದನ್ನೂ ಕಟ್ಟಿದ್ದರು. ಅಂದರೆ 2028ರವರೆಗೆ ಇಟ್ಟುಕೊಳ್ಳುವ ಮನಸ್ಸು. ಮಾರುವ ಗಾಡಿಗೆ ಖರ್ಚು ಮಾಡುವ ಲೆಕ್ಕ ಬೇರೆ, ಇಟ್ಟುಕೊಳ್ಳುವ ಗಾಡಿಯ ಲೆಕ್ಕ ಬೇರೆ. ಅವರ ವಯಸ್ಸಾದ ತಾಯಿಯನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವುದು ಇದೇ ಗಾಡಿಯಲ್ಲಿ, ಇದೇ ಘಾಟಿಯಲ್ಲಿ. ಮಾರುಕಟ್ಟೆ ಬೆಲೆ ನೋಡಿ ಬಿಡಿಭಾಗ ಆರಿಸುವವರು ಇದನ್ನು ಯಾವ ಅಂಕಣದಲ್ಲಿ ಬರೆಯುತ್ತಾರೋ ನನಗೆ ತಿಳಿಯದು. ಜೊತೆಗೆ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಯಾವ ಸೆಟ್ ಹಾಕಿದರೂ ಒಂದೇ. ಎರಡು ವರ್ಷದಲ್ಲಿ ಮತ್ತೊಮ್ಮೆ ಇಳಿಸುವ ಪರಿಸ್ಥಿತಿ ಬಂದರೆ ಉಳಿಸಿದ ಇಪ್ಪತ್ತು ಸಾವಿರದಲ್ಲಿ ಅರ್ಧ ಅಲ್ಲಿಗೇ ಹೋಗುತ್ತದೆ.

ಗೌಡರು ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ, "ಸರಿ, ತರಿಸಿ. ಆದರೆ ನಕಲಿ ಬಂದರೆ ನಿಮ್ಮನ್ನು ಬಿಡುವುದಿಲ್ಲ" ಎಂದರು.

ಪೆಟ್ಟಿಗೆ ಆರಿಸುವುದು

"2008ರ ಲಾರಾ ಡೀಸೆಲ್" ಎಂದು ಹೇಳಿ ಭಾಗ ತರಿಸುವುದು ಜೂಜು. ಈ ಕುಟುಂಬದ ಡೀಸೆಲ್ ಇಂಜಿನ್‌ಗಳಲ್ಲಿ 228 ಮಿಲಿಮೀಟರ್ ಪ್ಲೇಟೂ ಇದೆ, 240 ಮಿಲಿಮೀಟರ್ ಪ್ಲೇಟೂ ಇದೆ. ಗೇರ್‌ಬಾಕ್ಸ್ ಬೇರೆಯಾದರೆ ಬೇರಿಂಗೂ ಬೇರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಬಳಿ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಚಾಸಿ ನಂಬರಿನ ಜೊತೆ ಇಂಜಿನ್ನಿನ ಮತ್ತು ಗೇರ್‌ಬಾಕ್ಸಿನ ಸಂಕೇತಾಕ್ಷರಗಳಿರುತ್ತವೆ. ಮಲೆನಾಡಿನ ತೇವಕ್ಕೆ ಅರ್ಧ ಅಕ್ಷರ ಹೋಗಿದ್ದವು. ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲಿ ಅದೇ ಚೀಟಿಯ ಪ್ರತಿ ಇತ್ತು. ಅದನ್ನೂ, ಕಳಚಿದ ಹಳೆಯ ಚಕ್ರದ ಮೇಲೆ ಕೆತ್ತಿದ ನಂಬರನ್ನೂ ಫೋಟೋ ತೆಗೆದು ವಿತರಕರಿಗೆ ಕಳಿಸಿದೆ. ಎರಡೂ ತಾಳೆಯಾದ ಮೇಲೆಯೇ ಹಣ ಹಾಕಿಸಿದೆ.

ಚಕ್ರ, ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲವೂ ಒಂದೇ ತಯಾರಕರ ಒಂದೇ ಸೆಟ್ ಆಗಿರಲಿ ಎಂದು ಹಠ ಹಿಡಿದೆ. ಅಲ್ಲೊಂದು ಇಲ್ಲೊಂದು ಸೇರಿಸಿದರೆ ಎತ್ತರ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾಗಿ, ಪೆಡಲ್ ಒಂದೋ ತುದಿಯಲ್ಲಿ ಹಿಡಿಯುತ್ತದೆ, ಇಲ್ಲವೇ ಪೂರ್ತಿ ಬಿಡುವುದೇ ಇಲ್ಲ. ಪೆಟ್ಟಿಗೆ ಬಂದಾಗ ಮೇಲಿನ ಚೌಕ ಸಂಕೇತವನ್ನು ಗೌಡರ ಮುಂದೆಯೇ ಅವರ ಮೊಬೈಲಿನಲ್ಲಿ ಓದಿಸಿದೆ. ನನ್ನ ಮೊಬೈಲಿನಲ್ಲಿ ಓದಿಸಿದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ.

ಸೆಟ್‌ನಲ್ಲಿ ಬರದ, ಆದರೆ ಬಿಡಬಾರದ ಭಾಗಗಳು ಇನ್ನೂ ಇದ್ದವು. ಕ್ರ್ಯಾಂಕಿಗೆ ಚಕ್ರ ಬಿಗಿಯುವ ಆರು ಬೋಲ್ಟ್‌ಗಳು ಬಿಗಿದಾಗ ಹಿಗ್ಗುವಂಥವು. ಒಮ್ಮೆ ಹಿಗ್ಗಿದ್ದನ್ನು ಮತ್ತೆ ಬಳಸಬಾರದು. ಹೊಸವನ್ನು 60 ನ್ಯೂಟನ್ ಮೀಟರಿಗೆ ಬಿಗಿದು, ಆಮೇಲೆ ಇನ್ನೂ 90 ಡಿಗ್ರಿ ತಿರುಗಿಸಬೇಕು. ಗಾಳಿ ಗನ್ ಮುಟ್ಟಬಾರದು.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ರಿಲೀಸ್ ಲಿವರ್. ತಗಡು ಒತ್ತಿ ಮಾಡಿದ ಒಂದು ಗೇಣಿನ ಸನ್ನೆ ಅದು. ಪೆಡಲ್ ಒತ್ತಿದಾಗ ಬೇರಿಂಗನ್ನು ತಳ್ಳುವುದು ಅದೇ. ಒಂದು ಗುಂಡನೆಯ ಮೊಳೆಯ ಮೇಲೆ ಅದು ಓಲಾಡುತ್ತದೆ. ಮೇಸ್ತ್ರಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದ. ಮೊಳೆ ಕೂರುವ ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು. ಸವೆದು ತೂತಾಗಿತ್ತು. ಕೆಲವು ನೂರು ರೂಪಾಯಿಯ ಭಾಗ. ಅದನ್ನು ಹಾಗೆಯೇ ಬಿಟ್ಟು 55 ಸಾವಿರದ ಸೆಟ್ ಹಾಕಿದ್ದರೆ, ಯಾವುದೋ ಒಂದು ದಿನ ಘಾಟಿಯ ನಡುವೆ ಪೆಡಲ್ ನೆಲಕ್ಕೆ ಹೋಗಿ, ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತಿತ್ತು. ಲಿವರ್, ಮೊಳೆ, ಅದನ್ನು ಹಿಡಿದಿಡುವ ಕ್ಲಿಪ್, ಬೇರಿಂಗ್ ಜಾರುವ ಕೊಳವೆ, ನಾಲ್ಕನ್ನೂ ಹೊಸದು ಹಾಕಿಸಿದೆ.

ಸೀಲ್ ವಿಷಯದಲ್ಲಿ ನಾನು ರೂಢಿಗೆ ವಿರುದ್ಧ ಹೋದೆ. "ಹೇಗೂ ಬಿಚ್ಚಿದ್ದೇವೆ, ಕ್ರ್ಯಾಂಕ್ ಸೀಲನ್ನೂ ಬದಲಾಯಿಸೋಣ" ಎನ್ನುವುದು ಮೇಸ್ತ್ರಿಗಳ ಸಾಮಾನ್ಯ ಮಾತು. ಹಳೆಯ ಗಾಡಿಗಳಲ್ಲಿ ಅದು ಸರಿಯೂ ಹೌದು. ಈ ಇಂಜಿನ್ನಿನಲ್ಲಿ ಆ ಸೀಲ್ ಬರಿಯ ರಬ್ಬರ್ ಬಳೆಯಲ್ಲ. ಕ್ರ್ಯಾಂಕಿನ ವೇಗ ಓದುವ ಸೆನ್ಸರಿನ ಹಲ್ಲು ಬಳೆ ಅದಕ್ಕೆ ಸೇರಿಕೊಂಡೇ ಬರುತ್ತದೆ, ಕೂರಿಸಲು ವಿಶೇಷ ಉಪಕರಣ ಬೇಕು, ಜಾಗ ತಪ್ಪಿದರೆ ಇಂಜಿನ್ ಸ್ಟಾರ್ಟೇ ಆಗದಿರಬಹುದು. ಸೋರದ ಸೀಲನ್ನು ಉಪಕರಣವಿಲ್ಲದೆ ಕೀಳುವುದರಲ್ಲಿ ಜಾಣತನವಿಲ್ಲ. ಬಿಟ್ಟೆವು.

ಕೂರಿಸುವಾಗ ಮೇಸ್ತ್ರಿಗೆ ಒಂದೇ ಮಾತು ಹೇಳಬೇಕಾಯಿತು: ಗೇರ್‌ಬಾಕ್ಸ್ ಶಾಫ್ಟಿನ ಹಲ್ಲಿಗೆ ಗ್ರೀಸ್ ತೆಳುವಾಗಿ ಸವರಿ, ಪ್ಲೇಟನ್ನು ಒಮ್ಮೆ ಜಾರಿಸಿ, ಹೊರಬಂದದ್ದನ್ನು ಒರೆಸಿಬಿಡು. ಜೀಪಿನ ಕೈಗಳು ಧಾರಾಳ. ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ ಪ್ಲೇಟಿಗೆ ಸಿಡಿಯುತ್ತದೆ. ಕ್ಲಚ್ಚಿಗೂ ಬ್ರೇಕಿಗೂ ಎಣ್ಣೆ ಒಂದೇ ಡಬ್ಬಿಯಿಂದ ಹೋಗುತ್ತದೆ. ಅದು ಕಾಫಿ ಬಣ್ಣಕ್ಕೆ ತಿರುಗಿತ್ತು, ಪೂರ್ತಿ ಬದಲಾಯಿಸಿ ಗಾಳಿ ತೆಗೆದ. ಬ್ಯಾಟರಿ ಹೊಸದು.

ಆಮೇಲೆ

ಗಾಡಿ ಮುಂಗಾರಿಗೆ ಮುನ್ನ ಮೇಗರವಳ್ಳಿಗೆ ಹೋಯಿತು. ಕೆಲವು ನೂರು ಕಿಲೋಮೀಟರ್ ಘಾಟಿಗೆ ಒಯ್ಯಬೇಡಿ, ಹೊಸ ಲೈನಿಂಗ್ ಕೂತುಕೊಳ್ಳಲಿ ಎಂದಿದ್ದೆ. ಮನೆಯ ಏರಿಗೆ ಒಂದನೇ ಗೇರ್ ಹಾಕಿ, ಸುತ್ತು 1500ಕ್ಕಿಂತ ಕೆಳಗೆ ಬಿಡಬೇಡಿ, ತಿರುವಿನಲ್ಲಿ ನಿಲ್ಲಬೇಕಾದರೆ ಹ್ಯಾಂಡ್ ಬ್ರೇಕ್ ಎಳೆಯಿರಿ, ಕ್ಲಚ್ಚಿನಲ್ಲಿ ಹಿಡಿಯಬೇಡಿ ಎಂದೂ ಹೇಳಿದೆ. ಒಂದನೇ ಗೇರಿನ ಮಾತಿಗೆ ಗೌಡರು ಗೊಣಗಿದರು. ಡೀಸೆಲ್ ಲೆಕ್ಕ ಅವರ ತಲೆಯಿಂದ ಹೋಗಿಲ್ಲ. ಹ್ಯಾಂಡ್ ಬ್ರೇಕಿನ ಮಾತನ್ನು ಅವರಿಗಿಂತ ಬೆಂಗಳೂರಿನಲ್ಲಿರುವ ಮಗ ಗಂಭೀರವಾಗಿ ತೆಗೆದುಕೊಂಡಿದ್ದಾನೆ.

ಮಳೆ ಮುಗಿದ ಮೇಲೆ ಸರ್ವಿಸಿಗೆ ಬಂದಾಗ ನಾನೂ ಮೇಸ್ತ್ರಿಯೂ ಓಡಿಸಿ ನೋಡಿದೆವು. ಜಾರುವಿಕೆ ಇಲ್ಲ, ನಿಲ್ಲಿಸುವಾಗ ಸದ್ದಿಲ್ಲ. ಐಡಲ್‌ನಲ್ಲಿ ಪೆಡಲ್ ಬಿಟ್ಟಾಗ ಗೇರ್‌ಬಾಕ್ಸಿನಿಂದ ಬಹಳ ಸಣ್ಣ ಗುಯ್ ಎನ್ನುವ ಧ್ವನಿ ಬರುತ್ತದೆ, ಒತ್ತಿದರೆ ನಿಲ್ಲುತ್ತದೆ. ಒಳಗಿನ ಬೇರಿಂಗ್ ತನ್ನ ವಯಸ್ಸು ಹೇಳುತ್ತಿದೆ. ಒಣಗಿದ ಚಕ್ರದ ಜೊತೆ ಅದೆಷ್ಟು ದಿನ ಓಡಿತ್ತೋ. ಸದ್ಯಕ್ಕೆ ಗೇರ್ ಆಯಿಲ್ ಬದಲಾಯಿಸಿದ್ದೇವೆ, ಧ್ವನಿ ಏರುತ್ತದೆಯೇ ಎಂದು ಗಮನಿಸುತ್ತಿದ್ದೇವೆ.

ಮೇಸ್ತ್ರಿ ಈಗಲೂ ಸಾದಾ ಚಕ್ರವೇ ಸಾಕಿತ್ತು ಎನ್ನುತ್ತಾನೆ. ಈಚೆಗೆ ಇದೇ ಇಂಜಿನ್ನಿನ ಇನ್ನೊಂದು ಗಾಡಿ ಬಂತು, ಶಿಕಾರಿಪುರದ ಕಡೆಯದು. ಓಡುವುದು ಬಯಲಿನಲ್ಲಿ, ಹೆಚ್ಚಾಗಿ ದಾವಣಗೆರೆ ದಾರಿಯ ನೇರ ರಸ್ತೆಯಲ್ಲಿ. ಡಿಎಂಎಫ್ ಸತ್ತಿತ್ತು. ಮಾಲೀಕರು ವರ್ಷದೊಳಗೆ ಮಾರುವವರಿದ್ದರು, ಕೊಳ್ಳುವವರಿಗೆ ಮೊದಲೇ ತಿಳಿಸುತ್ತೇನೆ ಎಂದರು. ಆ ಗಾಡಿಗೆ ಸಾದಾ ಕಿಟ್ಟನ್ನು ನಾನೇ ಕೊಟ್ಟೆ. ಐಡಲ್‌ನಲ್ಲಿ ಸ್ವಲ್ಪ ಗಲಗಲ ಇರುತ್ತದೆ ಎಂದು ಬಿಲ್ಲಿನ ಮೇಲೆಯೇ ಬರೆದು ಸಹಿ ಹಾಕಿಸಿಕೊಂಡೆ.